ಮಳೆಯ ಪುರವಣಿ, ಬೆಕ್ಕಿನ ಪುರವಣಿ

ನಮ್ಮ ಅಕ್ಕೋರ ಎಡ ಅಂಗೈಯ ನಡುವೆ ಒಂದು ಸುಟ್ಟ ಕಲೆಯಿತ್ತು. ಚಿಕ್ಕಂದಿನಲ್ಲಿ ಗಂಜಿಯ ತಪ್ಪಲೆಯನ್ನು ಬರಿಗೈಯಲ್ಲಿ ಇಳಿಸಲು ಹೋಗಿ ಆದದ್ದಂತೆ. ಅಷ್ಟು ಭಾಗದಲ್ಲಿ ಚರ್ಮ ತೆಳ್ಳಗಾಗಿ ಕಡಲ ಚಿಪ್ಪಿನ ಒಳಮೈಯ ಹಾಗೆ ಹೊಳೆಯುತ್ತಿತ್ತು. ಆ ಕಲೆಯನ್ನು ಕದ್ವಾಡದ ಶಾಲೆಯ ಮೂರನೇ ಇಯತ್ತೆಯ ಮಕ್ಕಳೆಲ್ಲ ಬಲ್ಲೆವು. ಎರಡರಲ್ಲಿ ಒಂದನ್ನು ಆರಿಸುವ ಪ್ರಸಂಗ ಬಂದಾಗಲೆಲ್ಲ ಅವರು ಮೊದಲು ಎಡಗೈ ಬಿಚ್ಚಿ ನಮ್ಮ ಮುಂದೆ ಹಿಡಿಯುತ್ತಿದ್ದರು. ಎಡಗೈ ತಮಗೆ ಬೇಡವಾದದ್ದರದ್ದು. ಅದರ ಒಳ್ಳೆಯತನವನ್ನೆಲ್ಲ ಹೇಳಿ ಮುಗಿಸಿ, ಮುಷ್ಟಿ ಮುಚ್ಚಿ, ಆಮೇಲೆ ಮಡಿಲಲ್ಲಿದ್ದ ಬಲಗೈ ಎತ್ತಿ ಬಿಚ್ಚುತ್ತಿದ್ದರು. ತಮಗೆ ಬೇಕಾದದ್ದರ ಮಾತು ಅಲ್ಲಿಂದ ಶುರು.

"ಬೇಡದ್ದರ ಪರವಾಗಿ ಮೊದ್ಲು ಮಾತಾಡ್ಬೇಕು," ಎನ್ನುತ್ತಿದ್ದರು. "ಪಾಪ, ಅದಕ್ಕೆ ಬೇರೆ ಯಾರೂ ಇರೂದಿಲ್ಲ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಹಾಗೆ ಕರೆಸಿಕೊಂಡವರು ಊರಲ್ಲಿ ಇನ್ನೂ ಇದ್ದರು. ನನಗೆ ಮಾತ್ರ ಆ ಶಬ್ದ ಕೇಳಿದರೆ ಇವರೊಬ್ಬರೇ ಕಣ್ಣ ಮುಂದೆ ಬರುತ್ತಾರೆ.

ಒಂದು ವರ್ಷ ಶಾಲೆಯ ಕಾರ್ಯಕ್ರಮಕ್ಕೆ ನಾಟಕ ಮಾಡುವುದೋ ಕುಣಿತ ಮಾಡುವುದೋ ಎಂದು ತರಗತಿಯಲ್ಲಿ ಜಗಳವಾಯಿತು. ನನಗೆ ಕುಣಿತ ಬೇಕಿತ್ತು. ಅಕ್ಕೋರು ನನ್ನನ್ನು ಎಬ್ಬಿಸಿ ನಿಲ್ಲಿಸಿ ನಾಟಕದ ಪರವಾಗಿ ಮಾತಾಡಿಸಿದರು. ನಾನು ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ, ಎರಡನೆಯದಕ್ಕೆ ಬರುವಷ್ಟರಲ್ಲಿ ನನಗೇ ನಾಟಕ ಬೇಕೆನಿಸಿ ಸುಮ್ಮನೆ ನಿಂತುಬಿಟ್ಟೆ. ಅವರು ನಕ್ಕರು. "ಮನಸ್ಸು ತಿರಗಿದ್ರೆ ತಿರಗ್ಲಿ ತಂಗಿ. ಆದ್ರೆ ಎರಡನೇದೂ ಹೇಳಿಯೇ ಕೂರ್ಬೇಕು. ಅರ್ಧಕ್ಕೆ ಕೂತ್ರೆ ಕೇಳ್ದವ್ರು ತಪ್ಪು ತಿಳೀತ್ರು."

ಮೀನು ಕೊಳ್ಳುವಾಗಲೂ ಇದೇ ಕ್ರಮ. ಮನೆಯ ಬಾಗಿಲಿಗೆ ಬುಟ್ಟಿ ಹೊತ್ತು ಬರುವ ಹೆಂಗಸಿನೆದುರು ಮೆಟ್ಟಿಲ ಮೇಲೆ ಕೂತು, ಬಂಗಡೆಯ ಬಣ್ಣ, ಬಂಗಡೆಯ ರುಚಿ, ಬಂಗಡೆ ಸಾರಿನ ಮಾರನೇ ದಿನದ ರುಚಿ ಎಲ್ಲ ಹೇಳುತ್ತಿದ್ದರು. ಹೊಸದಾಗಿ ಬಂದವಳಾದರೆ ಬಂಗಡೆಯನ್ನು ಆರಿಸಿ ಇಟ್ಟುಬಿಡುತ್ತಿದ್ದಳು. ಆಗ ಇವರ ಬಲಗೈ ಮೇಲೇಳುತ್ತಿತ್ತು. "ಈಗ ಶೆಟ್ಲಿದು ಹೇಳ್ತೆ." ಶೆಟ್ಲಿ ಎಂದರೆ ಸೀಗಡಿ, ಅವರಿಗೆ ಬೇಕಾದದ್ದು ಯಾವಾಗಲೂ ಅದೇ. ವರ್ಷಗಟ್ಟಲೆ ಬಂದ ಒಬ್ಬ ಮುದುಕಿ ಮಾತ್ರ ಬುಟ್ಟಿ ಇಳಿಸುವಾಗಲೇ ಹೇಳುತ್ತಿದ್ದಳು: "ಅಕ್ಕೋರೇ, ನನ್ ಮೀನು ಹಾಳಾಗೂದ್ರೊಳಗೆ ಎರಡನೇದೂ ಹೇಳಿ ಮುಗಸಿ."

ಅವರು ಮದುವೆಯಾಗಲಿಲ್ಲ. ನಿವೃತ್ತರಾಗುವ ಹೊತ್ತಿಗೆ ಕದ್ವಾಡದಲ್ಲಿ ಎರಡು ಕೋಣೆಯ ಮನೆಯೊಂದನ್ನು ಕಟ್ಟಿಸಿಕೊಂಡಿದ್ದರು. ಜೊತೆಗೆ ಕಿವಿ ಹರಿದ ಒಂದು ಬೂದು ಬೆಕ್ಕು. ಅದನ್ನು ಯಾರೂ ಸಾಕಿದ್ದಲ್ಲ, ತಾನಾಗಿ ಬಂದು ಉಳಿದದ್ದು. ಅಕ್ಕೋರು ಪೇಪರ್ ಓದುವಾಗ ಹಾಳೆಯ ಮೇಲೆಯೇ ಮಲಗುತ್ತಿತ್ತು. "ಸುದ್ದಿ ಮುಚ್ಚಿಟ್ಟು ಉಪಕಾರ ಮಾಡ್ತದೆ," ಎಂದು ಅದರ ಸುತ್ತಲಿನಷ್ಟನ್ನೇ ಓದುತ್ತಿದ್ದರು.

ನಾನು ಕಾರವಾರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ಅವರಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಅವರೇ ನನ್ನ ಕೋಣೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ನಾನು ಆಡುತ್ತಿದ್ದ ಆಟವನ್ನು ಕಂಡರು. ಮನೆ ಕಟ್ಟಿ, ಅದರೊಳಗೆ ಮನುಷ್ಯರನ್ನು ಇಟ್ಟು, ಉಣ್ಣಿಸಿ, ಮಲಗಿಸಿ, ಕೆಲಸಕ್ಕೆ ಕಳಿಸಿ ಬದುಕಿಸುವ ಆಟ. ಗೆಲ್ಲುವುದು ಸೋಲುವುದು ಅದರಲ್ಲಿಲ್ಲ.

"ಇವ್ರು ಯಾರ ಮನೆಯವ್ರು?" ಎಂದು ಕೇಳಿದರು.

"ಯಾರೂ ಅಲ್ಲ ಅಕ್ಕೋರೇ. ನಾನೇ ಮಾಡಿದ್ದು."

"ಅವ ಆಗಿಂದ ಹೊಟ್ಟೆ ಹಿಡ್ಕೊಂಡು ನಿಂತಿದ್ದ. ಉಂಬೂಕೆ ಹೇಳು ಮಾರಾಯ್ತಿ ಮೊದ್ಲು."

ಹೇಳಿದೆ. ಅವನು ಹೋಗಿ ಉಂಡ. ಅಕ್ಕೋರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೂರನೇ ಇಯತ್ತೆ ಮಕ್ಳೇ ಸೈ," ಎಂದರು.

ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಅವರಿಗೆ ಕೊಟ್ಟೆ. ಅವರು ಅದರಲ್ಲಿ ಎರಡು ಕೋಣೆಯ ಮನೆ ಕಟ್ಟಿ, ಕನ್ನಡಕದ ಒಬ್ಬ ಹೆಂಗಸನ್ನು ಇಟ್ಟರು. ಹೆಸರು ಕೇಳುವ ಜಾಗದಲ್ಲಿ, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, 'ಬಾಯಿ' ಎಂದು ಬರೆದರು. ಬಾಯಿ ಬೆಳಿಗ್ಗೆ ಎದ್ದು ಗಿಡಗಳಿಗೆ ನೀರು ಹಾಕಿ, ಪುಸ್ತಕ ಓದಿ, ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದಳು. ಆ ಊರಲ್ಲಿ ಮಳೆಯಿರಲಿಲ್ಲ, ಪ್ರಾಣಿಗಳೂ ಇರಲಿಲ್ಲ. ಬೇಕೆಂದರೆ ಬೇರೆ ಬೇರೆ ಪ್ಯಾಕ್‌ಗಳನ್ನು ಕೊಂಡು ಆಟಕ್ಕೆ ಸೇರಿಸಬೇಕು ಎಂದೆ. ಅಕ್ಕೋರು ಅವುಗಳಿಗೆ ಪುರವಣಿ ಎಂದು ಹೆಸರಿಟ್ಟರು. "ನಾಕು ದಿನ ತಡಿ, ಯೋಚನೆ ಮಾಡ್ತೆ," ಎಂದರು.

ಆ ಯೋಚನೆ ಮುಗಿಯುವ ಮೊದಲೇ ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಬಾಗಿಲು ಹಾಕಿಕೊಂಡು ಹೋದರು. ನನ್ನನ್ನು ನನ್ನ ತಾಯಿಯ ಹೆಸರಿನಿಂದ ಕರೆದರು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ವಾಸಿಯಾಗುವಂಥದ್ದಲ್ಲ ಎಂದೂ ಹೇಳಿದರು. ಅಂಕೋಲೆಯಿಂದ ಅವರ ತಮ್ಮ ಬಂದ. ಅಕ್ಕನಿಗಿಂತ ಬಹಳ ಚಿಕ್ಕವನು. ಎಳೆಯ ವಯಸ್ಸಿಗೇ ಬಸ್ಸಿನ ಕೆಲಸಕ್ಕೆಂದು ಘಟ್ಟದ ಮೇಲೆ ಹೋಗಿ, ನಿವೃತ್ತನಾದ ಮೇಲೆ ಅಂಕೋಲೆಯಲ್ಲಿ ಮನೆ ಮಾಡಿದ್ದ. ಅಕ್ಕನ ಮೇಲೆ ಜೀವವಿದ್ದವನು, ಆದರೆ ಅಕ್ಕನ ಜೊತೆ ಬದುಕಿ ಗೊತ್ತಿದ್ದವನಲ್ಲ.

ಮುಂದಿನ ಭಾನುವಾರ ನಾನು ಹೋದಾಗ ಮನೆಗೆ ಬೀಗ ಹಾಕಿತ್ತು. ಅವರ ತಮ್ಮ ಫೋನಿನಲ್ಲಿ ಹೇಳಿದ: "ನಾನೇನು ಒತ್ತಾಯ ಮಾಡ್ಲಿಲ್ಲ. ಅಕ್ಕನೇ ಬತ್ತೆ ಅಂತು." ಅವನ ಹೆಂಡತಿಗೆ ದಮ್ಮು. ಹಾಗಾಗಿ ಬೆಕ್ಕನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಕೆಲವು ದಿನಗಳ ನಂತರ ಕದ್ವಾಡದ ಮನೆಯನ್ನು ಬಾಡಿಗೆಗೂ ಕೊಟ್ಟರು.

ಅಂಕೋಲೆಯಲ್ಲಿ ಅಕ್ಕೋರನ್ನು ಚೆನ್ನಾಗಿ ನೋಡಿಕೊಂಡರು. ಇದನ್ನು ಹೇಳಲೇಬೇಕು. ಕಿಟಕಿಯ ಪಕ್ಕದ ಮಂಚ, ಹೊತ್ತಿಗೆ ಸರಿಯಾಗಿ ಗಂಜಿ. ಕಾಲೇಜಿಗೆ ಹೋಗುವ ತಮ್ಮನ ಮಗಳು ದಿನಾ ಸಂಜೆ ಲ್ಯಾಪ್‌ಟಾಪ್ ತೆರೆದು ಕೊಡುತ್ತಿದ್ದಳು. ಅವರು ಈಗ ತಾವಾಗಿ ಆಡುವಂತಿರಲಿಲ್ಲ. ಹೇಳಿದ್ದನ್ನು ಹುಡುಗಿ ಮಾಡುತ್ತಿದ್ದಳು. ಅತ್ತೆಗೆ ಒಂದು ಪುರವಣಿ ಕೊಡಿಸೋಣ ಎಂದವಳೂ ಅವಳೇ. ಹಳೆಯ ಯಂತ್ರದಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ನಾನು ಅಂಕೋಲೆಗೆ ಹೋದ ಒಂದು ಭಾನುವಾರ ಅತ್ತೆಯನ್ನೇ ಕೇಳುವುದು ಎಂದಾಯಿತು: ಮಳೆ ಚಳಿಗಾಲಗಳನ್ನು ತರುವ ಪುರವಣಿಯೋ, ಬೆಕ್ಕು ನಾಯಿಗಳನ್ನು ತರುವ ಪುರವಣಿಯೋ?

ಅಕ್ಕೋರು ನೆಟ್ಟಗೆ ಕೂತರು. ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ಕಳೆ ಮುಖಕ್ಕೆ ಬಂತು. ಎಡಗೈ ಮೇಲೆದ್ದು ಬಿಚ್ಚಿಕೊಂಡಿತು. ಕಲೆ ಹೊಳೆಯಿತು.

"ಮಳೆ ಅಂದ್ರೆ ಎಂಥದು ಅಂದ್ಕೊಂಡ್ಯ," ಎಂದು ಶುರು ಮಾಡಿದರು. "ಆ ಊರಲ್ಲಿ ಹನ್ನೆರಡು ತಿಂಗ್ಳೂ ಬಿಸ್ಲು. ಬಾಯಿ ಹೊರಗೆ ಹೋದ್ರೂ ಒಂದೇ, ಒಳಗೆ ಬಂದ್ರೂ ಒಂದೇ. ಮಳೆ ಬಂದ್ರೆ ಒಳಗೆ ಬರೂಕೆ ಒಂದು ಕಾರಣ ಸಿಕ್ತದೆ. ಬಟ್ಟೆ ತೆಗೀಬೇಕು, ಬಾಗ್ಲು ಹಾಕ್ಬೇಕು. ಮನೆ ಅಂತ ಗೊತ್ತಾಗೂದೇ ಆಗ."

ಹುಡುಗಿ ಬೆರಗಾಗಿ ನನ್ನನ್ನು ನೋಡಿದಳು. ಅಕ್ಕೋರು ಇನ್ನೂ ಮಾತಾಡಿದರು, ತಡವರಿಸಲಿಲ್ಲ. ಅಷ್ಟರಲ್ಲಿ ಒಳಗಿಂದ ಚಹಾ ಬಂತು. ಅವರು ಎಡಗೈಯಲ್ಲೇ ಲೋಟ ತೆಗೆದುಕೊಂಡು ಕುಡಿದರು. ಬಲಗೈ ಮಡಿಲಲ್ಲಿ ಮುಚ್ಚಿಕೊಂಡೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಹಾಗಾದ್ರೆ ಮಳೆದೇ ಅಲ್ದಾ ಅತ್ತೆ?"

"ಹೂಂ," ಎಂದರು, ಮಕ್ಕಳ ಮಾತಿಗೆ ಎನ್ನುವ ಹಾಗೆ.

ಹುಡುಗಿ ಗುಂಡಿ ಒತ್ತಿದಳು. "ಎರಡನೇದು ಹೇಳಿ ಆಗ್ಲಿಲ್ಲ," ಎಂದು ನಾನೆನ್ನುವಾಗ ಆಗಿಹೋಗಿತ್ತು.

"ಎಂಥ ಎರಡನೇದು? ಅತ್ತೆ ಇಷ್ಟೊತ್ತು ಮಳೆನೇ ಹೊಗಳದ್ದು."

ಅವಳಿಗೆ ಎಡಗೈ ಬಲಗೈಯ ಕ್ರಮವನ್ನು ಬಿಡಿಸಿ ಹೇಳಿದೆ. ಅವಳು ಅತ್ತೆಯ ಕಡೆ ತಿರುಗಿದಳು. ಅಕ್ಕೋರು ಪರದೆಯತ್ತ ಬಗ್ಗಿ ಬಾಯಿಯ ಮನೆಯ ಮೂಲೆಮೂಲೆ ನೋಡುತ್ತಿದ್ದರು. "ಬೆಕ್ಕೆಲ್ಲಿ?" ಎಂದರು.

"ಮಳೆದು ತೆಗ್ದು ಬೆಕ್ಕಿಂದು ಹಾಕ್ತೆ ಅತ್ತೆ, ಈಗ್ಲೇ," ಎಂದಳು ಹುಡುಗಿ.

ಅಕ್ಕೋರು ಒಪ್ಪಲಿಲ್ಲ. "ಛೆ, ಬಂದವ್ರನ್ನ ಹೊರಗೆ ಹಾಕೂದಾ? ಇರ್ಲಿ ಬಿಡು."

ಅಂದು ಕಾರವಾರದ ಬಸ್ಸಿಗೆ ನನ್ನನ್ನು ಕಳಿಸಲು ಅಕ್ಕೋರ ತಮ್ಮ ಜೊತೆಗೆ ಬಂದ. ನಿಲ್ದಾಣದಲ್ಲಿ ಅವನನ್ನು ಕೇಳಿದೆ: ಅಂಕೋಲೆಗೆ ಬರುವ ಮಾತಾದ ದಿನ ಅಕ್ಕ ಹೇಳಿದ್ದು ಏನು, ಹೇಗೆ ಹೇಳಿದರೋ ಹಾಗೇ ಹೇಳಿ ಎಂದೆ.

ಅವನು ನೆನಪಿಸಿಕೊಂಡು ಹೇಳಿದ. "ಅಂಕೋಲೆ ಚಲೋ ಅಂತು. ಪೇಟೆ ಹತ್ರ, ದವಾಖಾನೆ ಹತ್ರ. ತಮ್ಮ ಅಂತ ನೀ ಒಬ್ಬ ಇದ್ದೆ, ನಿನ್ ಮಗಳು ಇದ್ದು ಮನೆ ತುಂಬಿದ ಹಾಗದೆ ಅಂತು. ತುಂಬಾ ಹೇಳ್ತು. ನಂಗೆ ಕಣ್ಣಲ್ಲಿ ನೀರು ಬಂತು."

"ಆಮೇಲೆ?"

"ಆಮೇಲೆಂತ? ಬೆಕ್ಕು ಬಂದು ಕಾಲಿಗೆ ಸುತ್ಕೊಂತು. ಅದನ್ನ ಎತ್ಕೊಂಡು ಒಳಗೆ ಹೋಯ್ತು ಅಕ್ಕ. ನಾ ಬಟ್ಟೆ ಕಟ್ಟೂಕೆ ಶುರು ಮಾಡ್ದೆ."

ನಾನು ಅವನಿಗೂ ಎಡಗೈ ಬಲಗೈಯ ಕ್ರಮ ಹೇಳಿದೆ, ಅಂದು ಅವನು ಕೇಳಿದ್ದು ಎಡಗೈಯದ್ದಷ್ಟೇ ಎಂದೂ ಹೇಳಿದೆ. ನನ್ನ ಬಸ್ಸು ಬಂತು. ಅವನು ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕೂತಿದ್ದ.

ಆಟದಲ್ಲಿ ಮಳೆಗಾಲ ಬಂದು ಹೋಯಿತು. ನಂತರ ನಮ್ಮ ಕಡೆ ಯಾರೂ ಕಾಣದ ಚಳಿಗಾಲ ಬಂತು. ಮನೆಯ ಮಾಡು, ಅಂಗಳ, ಗಿಡ, ಎಲ್ಲ ಬಿಳಿ. ಅಕ್ಕೋರು ಬಹಳ ಹೊತ್ತು ನೋಡಿದರು. "ಇಷ್ಟು ಉಪ್ಪು ಯಾರು ತಂದು ಹಾಕಿದ್ರು?" ಎಂದರು. ಬಾಯಿ ತೆಳು ಬಟ್ಟೆಯಲ್ಲಿ ಅಂಗಳದಲ್ಲಿ ನಡುಗುತ್ತ ನಿಂತಿದ್ದಳು. ಅವಳನ್ನು ಒಳಗೆ ಕರೆ ಎಂದು ಹುಡುಗಿಗೆ ಹೇಳಲು ಅಕ್ಕೋರಿಗೆ ಆ ದಿನ ತೋಚಲಿಲ್ಲ. ಹುಡುಗಿಯೇ ಕರೆದಳು. ಆಮೇಲೆ ಲ್ಯಾಪ್‌ಟಾಪ್ ತೆರೆದರೂ ಅವರು ಅದರ ಕಡೆ ನೋಡಲಿಲ್ಲ.

ತಮ್ಮ ಮಾತ್ರ ಒಳಗೊಳಗೇ ಬೇಯುತ್ತಿದ್ದ. ಕದ್ವಾಡದ ಮನೆಯಲ್ಲಿದ್ದವರಿಗೆ ಬೇರೆ ಮನೆ ಹುಡುಕಿಕೊಳ್ಳಲು ಹೇಳಿದ. ತಾನೇ ಅಕ್ಕನ ಜೊತೆ ಅಲ್ಲಿ ಹೋಗಿ ಇರುವುದೆಂದು ಹೆಂಡತಿಯ ಹತ್ತಿರ ಮಾತಾಡಿ ಒಪ್ಪಿಸಿದ. ಆದರೆ ಈ ಸಲ ಅಕ್ಕನನ್ನು ಸರಿಯಾಗಿ ಕೇಳಿಯೇ ಮಾಡಬೇಕು, ನೀನೂ ಇರಬೇಕು ಎಂದು ನನ್ನನ್ನು ಕರೆಸಿದ.

ತಮ್ಮ, ಹುಡುಗಿ, ನಾನು, ಮೂವರೂ ಅವರ ಮಂಚದ ಸುತ್ತ ಕೂತೆವು. ತಮ್ಮ ಕೇಳಿದ: "ಅಕ್ಕ, ಇಲ್ಲೇ ಇರೂದಾ, ಕದ್ವಾಡಕ್ಕೆ ಹೋಗೂದಾ? ನೀ ಹೇಳ್ದ ಹಾಗೆ."

ಎಡಗೈ ಎದ್ದಿತು. "ಇಲ್ಲೇ ಚಲೋ," ಎಂದರು. "ಕಿಟಕಿ ಅದೆ. ಈ ಹುಡ್ಗಿ ಅದೆ." ಮಾತು ಮೊದಲಿನಷ್ಟಿರಲಿಲ್ಲ, ಆದರೂ ಕ್ರಮ ತಪ್ಪಲಿಲ್ಲ. ಇದ್ದಷ್ಟು ಹೇಳಿ ಮುಷ್ಟಿ ಮುಚ್ಚಿದರು.

ಒಳಗಿಂದ ಚಹಾ ತರುತ್ತಿದ್ದ ಹೆಂಡತಿಯನ್ನು ತಮ್ಮ ಕೈಸನ್ನೆಯಿಂದ ಬಾಗಿಲಲ್ಲೇ ನಿಲ್ಲಿಸಿದ. ಎಲ್ಲರೂ ಮಡಿಲಿನ ಬಲಗೈಯನ್ನೇ ನೋಡುತ್ತಿದ್ದೆವು. ಅದು ಮೇಲೇಳಲಿಲ್ಲ.

"ಎರಡನೇದು, ಅಕ್ಕೋರೇ," ಎಂದೆ.

ಅವರು ನನ್ನನ್ನು ನೋಡಿದರು. ಕಣ್ಣಲ್ಲಿ ಏನನ್ನೋ ಹುಡುಕಿ ದಣಿದ ಹಾಗಿತ್ತು. "ಎರಡನೇದು ಮಕ್ಳು ಹೇಳ್ಬೇಕು," ಎಂದರು.

ನಾನು ಎದ್ದು ನಿಂತೆ. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತು ಬಲ ಅಂಗೈ ಬಿಚ್ಚಿದೆ. ಕದ್ವಾಡದಲ್ಲಿ ಎರಡು ಕೋಣೆಯ ಒಂದು ಮನೆಯಿದೆ ಎಂದೆ. ಮೀನಿನವಳು ಬುಟ್ಟಿ ಇಳಿಸುವ ಮೆಟ್ಟಿಲಿದೆ. ಬೆಳಿಗ್ಗೆ ಪೇಪರ್ ಹಾಸಿದರೆ ಅದರ ಮೇಲೆ ಬಂದು ಮಲಗುವ ಕಿವಿಹರಕ ಬೆಕ್ಕಿದೆ. ಅದು ಈಗಲೂ ಪಕ್ಕದ ಮನೆಯಲ್ಲಿ ಉಂಡು, ಮಲಗಲು ಮಾತ್ರ ಆ ಮೆಟ್ಟಿಲಿಗೇ ಬರುತ್ತದೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಇಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ಅವರ ತಮ್ಮ ಮುಖ ತಿರುಗಿಸಿಕೊಂಡ.

ಅಕ್ಕೋರು ತಲೆಯನ್ನು ಒಂದು ಬದಿಗೆ ವಾಲಿಸಿ, ಒಂದು ಮಾತೂ ಬಿಡದ ಹಾಗೆ ಕೇಳಿದರು. ಮುಗಿದ ಮೇಲೆ ಸಮಾಧಾನದಿಂದ ನಕ್ಕರು.

"ಚಲೋ ಹೇಳ್ದೆ ತಂಗಿ," ಎಂದರು. "ಅದು ಯಾರ ಮನೆ?"

ಆ ವರ್ಷದ ಮಳೆಗಾಲ ಮುಗಿಯುವ ಮೊದಲು, ಅಂಕೋಲೆಯಲ್ಲಿ, ಅದೇ ಕಿಟಕಿಯ ಪಕ್ಕದಲ್ಲಿ ಅವರು ತೀರಿಕೊಂಡರು. ಕದ್ವಾಡಕ್ಕೆ ಕರೆದುಕೊಂಡು ಹೋಗಬೇಕಿತ್ತೋ ಬೇಡವೋ ಎಂದು ತಮ್ಮ ಈಗಲೂ ನನ್ನನ್ನು ಕೇಳುತ್ತಾನೆ. ಹುಡುಗಿ ಲ್ಯಾಪ್‌ಟಾಪನ್ನು ನನಗೇ ವಾಪಸು ಕೊಟ್ಟಳು. ಆ ಆಟದಲ್ಲಿ ಯಾರಾದರೂ ತೆರೆದು ಕೂತರಷ್ಟೇ ಹೊತ್ತು ಸರಿಯುತ್ತದೆ. ನಾನು ತೆರೆದಿಲ್ಲ. ಹಾಗಾಗಿ ಅಲ್ಲಿ ಇನ್ನೂ ಅದೇ ಚಳಿಗಾಲ.

ಎರಡರಲ್ಲಿ ಒಂದನ್ನು ಆರಿಸುವಾಗ ನಾನು ಇವತ್ತಿಗೂ ಬೇಡದ್ದರ ಪರವಾಗಿಯೇ ಮೊದಲು ಮಾತಾಡುತ್ತೇನೆ. ಅವರು ಕಲಿಸಿದ್ದು, ಬಿಡಲು ಬರುವುದಿಲ್ಲ. ಆದರೆ ಆ ಅರ್ಧ ಮುಗಿಯುತ್ತಿದ್ದ ಹಾಗೆ ಹೆದರಿಕೆಯಾಗುತ್ತದೆ. ಎದುರಿಗಿದ್ದವರನ್ನು ಏಳಗೊಡದೆ, ಚಹಾ ಬಂದರೂ ಮುಟ್ಟದೆ, ಬಲಗೈ ಬಿಚ್ಚಿ ಎರಡನೆಯದನ್ನು ಹೇಳಿಬಿಡುತ್ತೇನೆ.