ದಪ್ಪಗಾದ ಒಳಪದರ

ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ದಿನವಿಡೀ ನಿಂತೇ ಇರಬೇಕು. ನಲವತ್ತು ದಾಟಿದ ಮೇಲೆ ನನ್ನ ಮುಟ್ಟು ಹಳಿ ತಪ್ಪಿತು. ಕೆಲವು ತಿಂಗಳು ಸುಳಿವೇ ಇರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೆಷಿನ್ ಪಕ್ಕದಲ್ಲೇ ತಲೆಸುತ್ತಿ ಕುಸಿದೆ. ಬಟ್ಟೆಯೆಲ್ಲ ಒದ್ದೆಯಾಗಿತ್ತು. ಜೊತೆಯವಳೊಬ್ಬಳು ತನ್ನ ದುಪಟ್ಟಾವನ್ನು ನನ್ನ ಸೊಂಟಕ್ಕೆ ಸುತ್ತಿ ಆಟೊ ಹತ್ತಿಸಿದಳು.

ಸುದ್ದಿ ಕೇಳಿ ಹಲಸೂರಿನಿಂದ ಅಕ್ಕ ಓಡಿ ಬಂದಳು.

"ಗರ್ಭಕೋಶ ತೆಗೆಸ್ಬಿಡು. ನಾನು ತೆಗೆಸ್ಲಿಲ್ವಾ? ಮಕ್ಕಳಾಗಿದೆ, ಇನ್ಯಾಕೆ ಬೇಕು ಅದು?"

ಚಿಕ್ಕ ವಯಸ್ಸಿನಲ್ಲೇ ಅಕ್ಕನದನ್ನು ತೆಗೆದಿದ್ದರು. ಯಾಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಹಾಗಾಗುವುದು ಬೇಡವಾಗಿತ್ತು.

"ಮೊದಲು ಏನಾಗಿದೆ ಅಂತ ಗೊತ್ತಾಗ್ಲಿ ಅಕ್ಕ, ಆಮೇಲೆ ನೋಡೋಣ," ಅಂದೆ.

ಬೆನ್ಸನ್ ಟೌನ್‌ನ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. ಹಲ್ಲು ಕಚ್ಚಿ ಮಲಗಿದ್ದೆ. ಅದಕ್ಕಿಂತ ರಿಪೋರ್ಟಿಗೆ ಕಾಯುವುದೇ ಕಷ್ಟವಾಯಿತು. ಅದನ್ನು ತರಲು ಹೋದಾಗ ಅಕ್ಕನೂ ಜೊತೆಗೆ ಬಂದಳು.

"ಒಳಪದರ ದಪ್ಪ ಆಗಿದೆ," ಎಂದರು ಡಾಕ್ಟರು. "ಅದನ್ನ ಬೆಳೆಸೋ ಹಾರ್ಮೋನ್ ಇದೆ, ತಡೆಯೋ ಹಾರ್ಮೋನ್ ಸಾಲ್ತಿಲ್ಲ. ಕ್ಯಾನ್ಸರ್ ಅಲ್ಲ. ಜೀವಕೋಶಗಳೂ ಕೆಟ್ಟಿಲ್ಲ."

"ಕೆಟ್ಟಿದ್ರೆ?" ಎಂದು ಕೇಳಿದೆ.

"ಆಪರೇಷನ್ ಮಾಡ್ಸಿ ಅಂತ ನಾನೇ ಹೇಳ್ತಿದ್ದೆ. ಈಗ ಮಾತ್ರೆ ತಗೋಬಹುದು, ಇಲ್ಲಾಂದ್ರೆ ಗರ್ಭಕೋಶದ ಒಳಗೇ ಹಾರ್ಮೋನ್ ಬಿಡೋ ಕಾಪರ್-ಟಿ ಥರದ್ದೊಂದು ಹಾಕ್ತೀವಿ. ಯಾವುದೇ ಆದ್ರೂ ಕೆಲವು ತಿಂಗಳಾದ್ಮೇಲೆ ಮತ್ತೆ ಬಯಾಪ್ಸಿ ಮಾಡ್ಲೇಬೇಕು. ವಾಸಿಯಾಗದಿದ್ರೆ ಆಗ ಆಪರೇಷನ್ ಮಾತು."

ಅಕ್ಕ ಮೆಲ್ಲಗೆ ಕೇಳಿದಳು: "ನಂಗ್ಯಾಕೆ ಇದನ್ನೆಲ್ಲ ಯಾರೂ ಹೇಳ್ಲಿಲ್ಲ ಮೇಡಂ?"

ಡಾಕ್ಟರು ಅವಳ ಕಡೆ ತಿರುಗಿ, "ನಿಮ್ಮ ಹಳೇ ಕಾಗದ ಏನಾದ್ರೂ ಇದ್ರೆ ತನ್ನಿ, ನೋಡ್ತೀನಿ," ಅಂದರು.

ಮಾತ್ರೆ ಮರೆಯುವವಳು ನಾನು, ಅದಕ್ಕೇ ಒಳಗೆ ಹಾಕುವುದನ್ನೇ ಆರಿಸಿಕೊಂಡೆ. ಮೊದಮೊದಲು ದಿನಾ ಚೂರುಚೂರು ರಕ್ತ ಕಾಣಿಸುತ್ತಿತ್ತು. "ಹಾಕಿಸಿದ್ದನ್ನ ತೆಗೆಸ್ಬಿಡೋಣ ಕಣೇ, ಯಾಕೆ ಒದ್ದಾಡ್ತೀಯ?" ಎಂದು ಯಜಮಾನರು ಎಷ್ಟೋ ಸಲ ಅಂದರು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ತಿಳಿಸಿದ್ದರು, ನಾನು ಬಿಡಲಿಲ್ಲ. ರಕ್ತ ಕಡಿಮೆಯಾಗಿದ್ದಕ್ಕೆ ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿಸುವ ಹೊಣೆ ಅವರಿಗೇ ಬಿಟ್ಟೆ.

ಎರಡನೇ ಬಯಾಪ್ಸಿಯಲ್ಲಿ ಒಳಪದರ ಸರಿಹೋಗಿತ್ತು. ಪರೀಕ್ಷೆಗೆ ಇನ್ನೂ ಹೋಗುತ್ತಿರಬೇಕು. ರಜೆ ಯಾಕೆಂದು ಸೂಪರ್‌ವೈಸರ್ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿದವರಿಗೆ ಮೂಳೆ ಬೇಗ ಸವೆಯಬಹುದೆಂದು ಡಾಕ್ಟರು ಹೇಳಿದ್ದರಿಂದ ಕಳೆದ ಸಲ ಅಕ್ಕನೂ ಬಂದಿದ್ದಳು, ತನ್ನ ಮೂಳೆಯ ಪರೀಕ್ಷೆಗೆ.