ಹಾ ಅಕ್ಕನ ಅಲ್ಯೂಮಿನಿಯಂ ಸ್ಲೈಡು

ಹಾಂಗ್‌ಕಾಂಗಿನ ಕ್ವುನ್ ತೋಂಗ್‌ನಲ್ಲಿ, ಹಳೆಯ ಕಾರ್ಖಾನೆ ಕಟ್ಟಡವೊಂದರ ನೆಲಮಹಡಿಯ ಹೋಟೆಲಿನಲ್ಲಿ ಯಿಕ್ ಸಾವ್-ಹಾ ಇಪ್ಪತ್ತೆರಡು ವರ್ಷಗಳಿಂದ ಹಾಲಿನ ಚಹಾ ಸೋಸುತ್ತಿದ್ದಳು. ಎಲ್ಲರಿಗೂ ಅವಳು ಹಾ ಅಕ್ಕ. ಒಂಬತ್ತನೇ ಮಹಡಿಯಲ್ಲಿ, ಗ್ಯಾಸಿನ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಪಿಸ್ತೂಲಿನ ಕ್ಲಬ್ಬು ಶುರುವಾದಾಗ ಅಲ್ಲಿಗೂ ಚಹಾ ಒಯ್ದಳು. ಯಾರೋ ತಮಾಷೆಗೆ ಪಿಸ್ತೂಲನ್ನು ಕೈಗೆ ಕೊಟ್ಟರು. ಆರು ಗುಂಡಿಗೆ, ಗುರಿಗೆಂದು ನಿಲ್ಲಿಸಿದ್ದ ಆರು ತಗಡೂ ಬಿದ್ದವು. ಮುಂದಿನ ತಿಂಗಳು, ಐವತ್ತಮೂರನೇ ವಯಸ್ಸಿನಲ್ಲಿ, ಅವಳು ಸದಸ್ಯೆಯಾದಳು.

"ಮಂಡಿನೋವಿಗೆ ಒಳ್ಳೇದಾ ಅದು?" ಎಂದು ಗಂಡ ಕೇಳಿದ.

"ಗೊತ್ತಿಲ್ಲ" ಎಂದಳು. ಆ ವಿಷಯ ಅಲ್ಲಿಗೇ ಮುಗಿಯಿತು.

ಮೂರು ವರ್ಷ ಎಲ್ಲವೂ ಸರಿಯಿತ್ತು. ಆಮೇಲೆ ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾಗಿ ಅದೇ ಕ್ಲಬ್ಬಿಗೆ ಬರುತ್ತಿದ್ದ ಬಿವ್ ಮಾಮ ಅವಳ ತಲೆಗೆ ಹುಳ ಬಿಟ್ಟ. "ಪ್ಲಾಸ್ಟಿಕ್ ಸ್ಲೈಡು ಮಕ್ಕಳಾಟದ್ದು ಕಣಮ್ಮ. ಅಲ್ಯೂಮಿನಿಯಂ ಹಾಕ್ಸು, ಆಮೇಲೆ ನೋಡು."

ಹಾಕಿಸಿದಳು. ಹೊಡೆದಾಗಲೆಲ್ಲ ಪಿಸ್ತೂಲಿನ ಮೇಲಿನ ಆ ಸ್ಲೈಡು ಹಿಂದಕ್ಕೆ ಸರಿದು ಮುಂದಕ್ಕೆ ಬರಬೇಕು. ಇದು ಬರುತ್ತಿತ್ತು, ಆದರೆ ಉಗುರಿನ ದಪ್ಪದಷ್ಟು ಉಳಿಸಿಕೊಂಡು ನಿಲ್ಲುತ್ತಿತ್ತು. ಹೆಬ್ಬೆರಳಿನಿಂದ ತಳ್ಳಿದರೆ ಮಾತ್ರ ಮುಂದಿನ ಗುಂಡು. ಪಂದ್ಯಕ್ಕೆ ಎರಡು ವಾರವಿತ್ತು.

"ಸ್ಪ್ರಿಂಗು ಗಟ್ಟಿದು ಹಾಕು" ಎಂದ ಬಿವ್ ಮಾಮ. ಹಾಕಿದಳು. ಈಗ ಸ್ಲೈಡು ಪೂರ್ತಿ ಮುಚ್ಚಿಕೊಂಡಿತು. ಆದರೆ ಗ್ಯಾಸಿಗೆ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಲು ಆಗದೆ ಗುಂಡೇ ಮೇಲೇರಲಿಲ್ಲ.

"ಹಾಗಾದ್ರೆ ಗ್ಯಾಸು ಜೋರಿಂದು ಹಾಕು."

"ನೀವು ಲಿಫ್ಟನ್ನೂ ಹಿಂಗೇ ರಿಪೇರಿ ಮಾಡ್ತಿದ್ರಾ ಮಾಮ?"

"ನನ್ನ ಲಿಫ್ಟಲ್ಲಿ ಯಾರೂ ಸತ್ತಿಲ್ಲಮ್ಮ" ಎಂದ ಬಿವ್ ಮಾಮ.

ಹಾ ಅಕ್ಕ ಗ್ಯಾಸನ್ನು ಬದಲಾಯಿಸಲಿಲ್ಲ. ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಒಂಬತ್ತನೇ ಮಹಡಿಗೆ ಹೋಗಿ ಹಳೆಯ ಸ್ಪ್ರಿಂಗನ್ನೂ ಪ್ಲಾಸ್ಟಿಕ್ ಸ್ಲೈಡನ್ನೂ ಮತ್ತೆ ಜೋಡಿಸಿ ನೋಡಿದಳು. ಚೆನ್ನಾಗಿ ಓಡಿತು. ಅಂದರೆ ಪಿಸ್ತೂಲಿನ ಮೈಯಲ್ಲಿ ದೋಷವಿಲ್ಲ. ಸ್ಪ್ರಿಂಗ್ ತೆಗೆದು, ಅಲ್ಯೂಮಿನಿಯಂ ಸ್ಲೈಡನ್ನಷ್ಟೇ ಏರಿಸಿ, ಪಿಸ್ತೂಲನ್ನು ಓರೆ ಮಾಡಿದಳು. ತನ್ನ ಭಾರಕ್ಕೇ ಜಾರಬೇಕಾದ ಸ್ಲೈಡು ನಡುವೆ ನಿಂತಿತು. ಸ್ಪ್ರಿಂಗಿನದೂ ತಪ್ಪಲ್ಲ, ಎಲ್ಲೋ ಲೋಹ ಉಜ್ಜುತ್ತಿದೆ.

ಹೋಟೆಲಿನಲ್ಲಿ ಪಾರ್ಸೆಲ್ ಡಬ್ಬಿಗಳ ಮೇಲೆ ಬರೆಯುವ ಕಪ್ಪು ಮಾರ್ಕರನ್ನು ತಂದು ಸ್ಲೈಡಿನ ಒಳಗಾಲುವೆಗೆಲ್ಲ ಬಳಿದಳು. ನೂರು ಸಲ ಹಿಂದೆ ಮುಂದೆ ಎಳೆದಳು. ಬಿಚ್ಚಿ ನೋಡಿದರೆ ಎಡಗಡೆ, ಮೂತಿಯ ಹತ್ತಿರ, ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾತ್ರ ಬಣ್ಣ ಅಳಿಸಿತ್ತು. ನುಣುಪಾದ ಉಜ್ಜುಕಾಗದದಿಂದ ಎರಡೇ ಎರಡು ಸಲ ಉಜ್ಜುವುದು, ಜೋಡಿಸಿ ನೋಡುವುದು, ಮತ್ತೆ ಬಿಚ್ಚುವುದು. ನಾಲ್ಕು ದಿನ ಇದೇ ನಡೆಯಿತು. ಐದನೆಯ ದಿನ ಸ್ಲೈಡು ಜಾರಿ ಬಂದು ಟಕ್ಕೆಂದು ಕೂತಿತು. ಅವಳು ಆ ಸದ್ದನ್ನು ಇನ್ನೆರಡು ಸಲ ಕೇಳಿಸಿಕೊಂಡು, ಕೊನೆಗೆ ಒಂದು ಹನಿ ಸಿಲಿಕಾನ್ ಎಣ್ಣೆ ಬಿಟ್ಟು, ಕೆಳಗೆ ಬಂದು ಚಹಾ ಸೋಸಿದಳು.

ಪಂದ್ಯದಲ್ಲಿ ಸ್ಲೈಡು ಒಮ್ಮೆಯೂ ತಡವರಿಸಲಿಲ್ಲ. ಹಾ ಅಕ್ಕ ಹನ್ನೊಂದನೆಯವಳಾಗಿ ಬಂದಳು. ಹಿಂದಿನ ವರ್ಷ ಏಳನೆಯವಳಾಗಿದ್ದಳು.

"ಏನಾಯ್ತಮ್ಮ?" ಎಂದ ಬಿವ್ ಮಾಮ.

"ನಾನೇ ಗುರಿ ತಪ್ಪಿದ್ದು" ಎಂದಳು. ಹಾಗೆಂದರೂ ಅವಳಿಗೆ ಬೇಜಾರೇನೂ ಆಗಿರಲಿಲ್ಲ. ಪಂದ್ಯ ಮುಗಿದ ಮೇಲೂ ಖಾಲಿ ಪಿಸ್ತೂಲಿನ ಸ್ಲೈಡನ್ನು ಎಳೆದು ಎಳೆದು ಬಿಡುತ್ತಿದ್ದಳು.

ಬಿವ್ ಮಾಮ ಆ ಕಡೆ ಈ ಕಡೆ ನೋಡಿ, ತನ್ನ ಪಿಸ್ತೂಲಿನ ಚೀಲವನ್ನು ಅವಳ ಮುಂದಿಟ್ಟ. "ನನ್ನ ಸ್ಲೈಡೂ ಮುಚ್ಕೊಳಲ್ಲ."

"ಎಷ್ಟು ದಿನದಿಂದ?"

"ಹೋದ ವರ್ಷದಿಂದ. ಹೆಬ್ಬೆರಳಿಗೆ ಅಭ್ಯಾಸ ಆಗ್ಬಿಟ್ಟಿದೆ."

ಮುಂದಿನ ವಾರ ಹೋಟೆಲಿನ ಗಲ್ಲಾದ ಹಿಂದೆ ಕ್ಲಬ್ಬಿನವರ ಪಿಸ್ತೂಲಿನ ಐದು ಚೀಲಗಳು ಸೇರಿದವು. "ಇಲ್ಲಿ ಯಾವುದನ್ನೂ ಬಿಚ್ಚಬೇಡ ಅಕ್ಕ, ಪೊಲೀಸ್ರು ಟೀ ಕುಡಿಯೋಕೆ ಬರ್ತಾರೆ" ಎಂದ ಮಾಲೀಕ. ಹಾ ಅಕ್ಕ ತಲೆಯಾಡಿಸಿ, ಮಾರ್ಕರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಚೀಲಗಳನ್ನು ಹೆಗಲಿಗೇರಿಸಿ ಲಿಫ್ಟಿನತ್ತ ನಡೆದಳು.