ಮನೆಗೆ ಹೋದ ಗಾಯಗಳನ್ನೂ ಎಣಿಸಿದ ಆಪಾ

ಆಪಾ ಬ್ಯಾಂಡೇಜಿನ ಮೇಲೆ ಬಗ್ಗಿದರೆ ಅವರ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಕೆಟ್ಟ ಗಾಯವನ್ನು ಕಣ್ಣಿಗಿಂತ ಮೊದಲು ಆ ಮೂಗು ಹಿಡಿಯುತ್ತಿತ್ತು. ಗಾಯ ಚೊಕ್ಕಟವಾಗಿದ್ದರೆ ರೋಗಿಯ ಕೆನ್ನೆ ತಟ್ಟಿ, "ಮಸ್ತ್ ಐತಿ! ಇನ್ನೊಂದ ವಾರಕ್ಕ ರೊಟ್ಟಿ ಉಣ್ಣಾಂವ ನೀ" ಎನ್ನುತ್ತಿದ್ದರು. ಇಡೀ ವಾರ್ಡು ನಗುತ್ತಿತ್ತು.

ವಿಜಯಪುರದ ಸೊಲ್ಲಾಪುರ ರಸ್ತೆಯ ಆಸ್ಪತ್ರೆಯೊಂದರಲ್ಲಿ ಅವರು ಸರ್ಜರಿ ವಾರ್ಡಿನ ಹಿರಿಯ ನರ್ಸ್, ಎಲ್ಲರಿಗೂ ಆಪಾ, ಎಂದರೆ ಅಕ್ಕ; ನಾನು ಆಗಷ್ಟೇ ಕೆಲಸಕ್ಕೆ ಸೇರಿದವಳು. ಕರುಳಿನ ಆಪರೇಷನ್ ಆದವರ ಹೊಲಿಗೆಗೆ ಸೋಂಕು ತಗಲುವುದು ಬೇಗ. ಅದಕ್ಕೇ ಆಪಾ ಮನೆಗೆ ಹೋದವರಿಗೂ ಒಂದು ತಿಂಗಳು ಫೋನ್ ಮಾಡಿ ವಿಚಾರಿಸುತ್ತಿದ್ದರು. ಯಾರ ಗಾಯ ಕೆಟ್ಟಿತು ಎಂಬುದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು.

ಒಮ್ಮೆ ತಿಕೋಟಾದ ಅಜ್ಜ ಫೋನಿನಲ್ಲಿ, "ಎಲ್ಲಾ ಆರಾಮ ಐತವ್ವಾ" ಎಂದರು. ಹಿಂದಿನಿಂದ ಅಜ್ಜಿ ಕೂಗಿದಳು: "ಸುಳ್ಳರಿ! ಅಂಗಿ ಪೂರಾ ಕೀವಿಲೆ ತೊಯ್ದೈತಿ!" ಆಪಾ ನನ್ನನ್ನೂ ಎಳೆದುಕೊಂಡು ಮುಂದಿನ ಬಸ್ಸು ಹತ್ತಿದರು. ಅಜ್ಜನನ್ನು ಕರೆತಂದು ಗಾಯ ತೊಳೆಸಿದರು. ಎರಡು ವಾರದಲ್ಲಿ ಅಜ್ಜ ನೆಟ್ಟಗೆ ನಡೆದು ಮನೆಗೆ ಹೋದರು.

ಆ ವರ್ಷ ಸುತ್ತಲಿನ ಕೆಲವು ಆಸ್ಪತ್ರೆಗಳು ಕೂಡಿ ಇಂಥ ಸೋಂಕಿನ ಪ್ರಮಾಣವನ್ನು ಹೋಲಿಸಿ ನೋಡಿದವು. ಅತಿ ಹೆಚ್ಚು ಸೋಂಕು ನಮ್ಮಲ್ಲೇ ಎಂದು ಪಟ್ಟಿಯಲ್ಲಿ ನಮ್ಮದು ಕಟ್ಟಕಡೆಯ ಹೆಸರು! ನಮ್ಮ ವ್ಯವಸ್ಥಾಪಕರು ಕೆಂಡವಾದರು.

"ಮನಿಗೆ ಹೋದ ಮ್ಯಾಲ ಆದದ್ದು ನಮಗ್ಯಾಕ್ರಿ? ತಗದ ಹಾಕ್ರಿ ಅವನ್ನ."

"ಹೊಲಿಗಿ ನಮ್ಮದಾದ್ರ ಕೀವೂ ನಮ್ಮದರಿ, ಸಾಹೇಬ್ರ. ನಾ ಅಳಸಂಗಿಲ್ಲ. ಬೇಕಾದ್ರ ನನ್ನ ವಾರ್ಡಿನಿಂದ ತಗೀರಿ."

ಆಪಾ ಆ ಆಸ್ಪತ್ರೆಗಳೆಲ್ಲ ಸೇರಿದ್ದ ಮುಂದಿನ ಸಭೆಯಲ್ಲಿ ರಿಜಿಸ್ಟರು ಹಿಡಿದು ಎದ್ದು ನಿಂತು, ನಗುತ್ತಲೇ ಕೇಳಿದರು: "ಮನಿಗೆ ಹೋದವ್ರಿಗೆ ನಿಮ್ಮಲ್ಲಿ ಯಾರು ಫೋನ್ ಮಾಡ್ತಾರ್ರಿ?"

ಬಬಲೇಶ್ವರದಿಂದ ಬಂದಿದ್ದ ನರ್ಸ್ ಮೆಲ್ಲಗೆ, "ಯಾರೂ ಮಾಡಂಗಿಲ್ರಿ, ಆಪಾ" ಎಂದಳು. ಉಳಿದವರೆಲ್ಲ ರೋಗಿ ಹಾಸಿಗೆಯ ಮೇಲಿರುವ ತನಕ ಮಾತ್ರ ಎಣಿಸಿದ್ದರು!

ಅಲ್ಲಿಂದ ಎಲ್ಲರೂ ತಿಂಗಳ ತನಕ ವಿಚಾರಿಸಿ ಎಣಿಸಬೇಕೆಂದು ತೀರ್ಮಾನವಾಯಿತು. ಮರುವರ್ಷದ ಪಟ್ಟಿಯಲ್ಲಿ ನಾವು ಮೇಲಿನ ಸಾಲಿನಲ್ಲಿದ್ದೆವು. ವ್ಯವಸ್ಥಾಪಕರೇ ವಾರ್ಡಿಗೆ ಬಿಸಿ ಮಿರ್ಚಿ ಭಜಿ ತಂದರು. ಆಪಾ ಎರಡು ಭಜಿ ತಿಂದು, "ನಾವೇನು ಬದಲಾಗಿಲ್ರಿ, ಎಣಿಸೂದು ಬದಲಾಗೈತಿ. ಖರೇ ಕೆಲಸ ಇನ್ನ ಶುರು" ಎಂದು ಕೈ ತೊಳೆಯಲು ಹೋದರು.

ಈಗ ನಾನು ಮದುವೆಯಾಗಿ ಬೇರೆ ಊರಿನಲ್ಲಿದ್ದೇನೆ. ಹೋದ ವರ್ಷ ಅತ್ತೆಗೆ ಕರುಳಿನ ಆಪರೇಷನ್ ಆಗಬೇಕಿತ್ತು. ಒಂದು ಆಸ್ಪತ್ರೆಯವರು, "ನಮ್ಮಲ್ಲಿ ಸೋಂಕೇ ಆಗೂದಿಲ್ಲ" ಎಂದರು. ಇನ್ನೊಂದರ ನರ್ಸ್, ಮನೆಗೆ ಹೋದ ಮೇಲೆ ಕೆಟ್ಟ ಗಾಯಗಳನ್ನೂ ಸೇರಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮನೆಯವರೆಲ್ಲ ಮೊದಲನೆಯದೇ ಸರಿ ಎಂದರೂ ನಾನು ಹಟ ಹಿಡಿದು ಎರಡನೆಯದಕ್ಕೇ ಸೇರಿಸಿದೆ.

ಅತ್ತೆ ಆರಾಮಾಗಿ ಮನೆಗೆ ಬಂದರು. "ಅಷ್ಟ ಖಾತ್ರಿಲೆ ಹೆಂಗ ಆರಿಸಿದಿ ಬೇ?" ಎಂದು ಕೇಳಿದರು. ಆಪಾನ ವಿಷಯ ಹೇಳತೊಡಗಿದೆ. ಮಧ್ಯಾಹ್ನದ ಊಟ ತಣ್ಣಗಾದರೂ ಅದು ಮುಗಿಯಲಿಲ್ಲ.